ಐತಾಳರ ಗೋಡೌನಿನಲ್ಲಿ ಕಾವಿಗೆ ಕೂತ ಕೋಳಿ

ಪುಂಡರೀಕಾಕ್ಷ ಐತಾಳ ತನ್ನ ಮೂವತ್ತೆರಡು ವರ್ಷದ ಬಾಳಿನಲ್ಲಿ ಮೊದಲ ಬಾರಿಗೆ ಮೊಟ್ಟೆ ಹಿಡಿದುಕೊಂಡು ನಿಂತಿದ್ದ. ಹಿಡಿದುಕೊಂಡಿದ್ದ ಎಂದರೆ ಪೂರ್ತಿ ಸರಿಯಾಗದು. ಮೊಟ್ಟೆ ಬಾಳೆಲೆಯ ತುಂಡಿನ ಮೇಲಿತ್ತು, ಬಾಳೆಲೆ ಸ್ಟೀಲ್ ತಟ್ಟೆಯ ಮೇಲಿತ್ತು, ತಟ್ಟೆಯನ್ನು ಅವನು ಎರಡೂ ಕೈ ನೀಡಿ ಮೈಯಿಂದ ದೂರ ಹಿಡಿದಿದ್ದ. ಮುಂಬಯಿ ಬದಿಯ ಠಾಕುರ್ಲಿಯ ಆ ಒಂದೇ ಅಂತಸ್ತಿನ ಬೈಠಿ ಚಾಳಿನ ಕೊನೆಯ ಮನೆಯ ಬಾಗಿಲು ತೆರೆದ ಅಶ್ಮಿತಾ ಮೊದಲು ತಟ್ಟೆಯನ್ನು ನೋಡಿದಳು, ಆಮೇಲೆ ಅವನ ಹಣೆಯ ಗಂಧವನ್ನು.

“ಪ್ರಸಾದವಾ?” ಎಂದಳು.

“ಅಲ್ಲ, ನಿಮ್ಮದು. ನಮ್ಮ ಗೋಡೌನಿನಲ್ಲಿ ಸಿಕ್ಕಿದ್ದು. ತೆಂಗಿನಕಾಯಿ ಬುಟ್ಟಿಯಲ್ಲಿ.”

“ನಂದಲ್ಲ ಐತಾಳ್ರೆ, ಕೋಳಿದು.”

ಅವಳು ನಗಲಿಲ್ಲ. ಆದರೆ ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದಿದ್ದಳು, ಎಡಗೆನ್ನೆಯಲ್ಲಿ ಒಂದು ಗುಳಿ ಬೇಡ ಬೇಡವೆಂದರೂ ಮೂಡಿತ್ತು. ಜಗಳವಾಡಲೆಂದೇ ಬಂದಿದ್ದ ಪುಂಡರೀಕಾಕ್ಷನಿಗೆ ಸಿದ್ಧಮಾಡಿಕೊಂಡಿದ್ದ ಮಾತು ಆ ಗುಳಿಯಲ್ಲೇ ಬಿದ್ದುಹೋಯಿತು. ನಮ್ಮದು ಶುದ್ಧ ಸಸ್ಯಾಹಾರಿ ಹೋಟೆಲ್, ಅಪ್ಪಯ್ಯ ನೋಡಿದರೆ ಗೋಡೌನಿನ ಹೆಂಚು ಸಮೇತ ತೊಳೆಸುತ್ತಾರೆ ಎಂದೇನೋ ತೊದಲಿದ.

ತಪ್ಪು ಗೋಡೆಯದು. ಹೋಟೆಲಿನ ಹಿಂದಿನ ಗೋಡೌನಿಗೂ ಚಾಳಿನ ಹಿತ್ತಿಲಿಗೂ ನಡುವೆ ಇದ್ದ ಎದೆಯೆತ್ತರದ ಗೋಡೆ ಬುಡದಲ್ಲಿ ಕುಸಿದು, ಕೋಳಿ ನುಸುಳುವಷ್ಟು ಕಂಡಿಯಾಗಿತ್ತು. ಅಶ್ಮಿತಾಳ ಮನೆಯವರು ಸಾಕಿದ್ದು ಪಾರಿವಾಳಕ್ಕಿಂತ ತುಸು ದೊಡ್ಡದಾದ ಗಿಡ್ಡ ಜಾತಿಯ ಕೋಳಿ. ಅವಳಮ್ಮ ಊರಿಂದ ಬುಟ್ಟಿಯಲ್ಲಿ ತಂದ ಕೋಳಿಗಳ ಸಂತಾನ. ಈಗ ಉಳಿದದ್ದು ಕುಳ್ಳಿ ಎಂಬ ಒಂದು ಹೇಂಟೆ, ಮತ್ತು ಬೆಕ್ಕಿನ ಜೊತೆ ಕಾದಾಡಿ ಒಂದು ಕಣ್ಣು ಕಳೆದುಕೊಂಡ ಮುದಿ ಹುಂಜ.

“ಅಶ್ಮಿ, ಯಾರದು? ಒಳಗೆ ಕರಿ,” ಎಂದಿತು ಒಳಗಿನ ಸ್ವರ.

ಹಿತ್ತಿಲಿನ ಕಿಟಕಿಯ ಬದಿಯ ಮಂಚದ ಮೇಲೆ ಪುಷ್ಪಾವತಿ ಒರಗಿದ್ದರು. ಹಿಂದಿನ ವರ್ಷ ಲಕ್ವ ಹೊಡೆದು ಅವರ ಎಡಭಾಗ ಬಿದ್ದುಹೋಗಿತ್ತು. ನಾಲಿಗೆ ಮಾತ್ರ ಮೊದಲಿನಂತೆಯೇ ಇತ್ತು, ಚಾಳಿನವರ ಮಟ್ಟಿಗೆ ಇನ್ನೂ ಹರಿತವಾಗಿತ್ತು. ತಟ್ಟೆಯಲ್ಲಿದ್ದ ಮೊಟ್ಟೆ ನೋಡಿದ್ದೇ ಅವರ ಮುಖ ಅರಳಿತು.

“ನಿಮ್ಮ ಗೋಡೌನಿನಲ್ಲಿ ಇಟ್ಟಿತಾ? ಕತ್ತಲೆ ಉಂಟಲ್ಲ ಅಲ್ಲಿ? ಬೆಚ್ಚಗೆ ಉಂಟಲ್ಲ? ಕೂತ್ಕೊಳ್ಳಿ ಐತಾಳ್ರೆ. ನಿಮ್ಮಿಂದ ನನಗೊಂದು ಉಪಕಾರ ಆಗ್ಬೇಕು.”

ಅಶ್ಮಿತಾ ಚಿಕ್ಕವಳಿದ್ದಾಗ ಟೈಫಾಯ್ಡ್ ಬಂದು, ಡಾಕ್ಟರರೂ ಕೈಚೆಲ್ಲಿದ್ದರಂತೆ. ಆಗ ಪುಷ್ಪಾವತಿ ಆಸ್ಪತ್ರೆಯ ವರಾಂಡದಲ್ಲಿ ನಿಂತು ಊರಿನ ದೈವಕ್ಕೆ ಹರಕೆ ಹೇಳಿಕೊಂಡಿದ್ದರು. ಇವಳು ಉಳಿದು ಮದುವೆಯ ಕಾಲ ಬಂದರೆ, ನನ್ನ ಮನೆಯ ಕೋಳಿ ಕಾವು ಕೊಟ್ಟು ಮಾಡಿದ ಹುಂಜವನ್ನು ಮದುವೆಗೆ ಮುಂಚೆ ಒಪ್ಪಿಸುತ್ತೇನೆ ಎಂದು.

“ಪೇಟೆಯಿಂದ ತಂದದ್ದು ಆಗ್ಲಿಕ್ಕಿಲ್ಲ. ಊನ ಇರುವ ಈ ಮುದುಕನೂ ಆಗ್ಲಿಕ್ಕಿಲ್ಲ,” ಎಂದರು ಪುಷ್ಪಾವತಿ. “ನನ್ನ ಅಣ್ಣ ಧರ್ಮಪಾಲನ ಮಗ ಲತೀಶ, ವಾಶಿಯಲ್ಲಿ ಹೋಟೆಲ್ ಉಂಟು. ಇವಳನ್ನು ಅವನಿಗೆ ಅಂತ ಮಾತಾಗಿದೆ. ಒಂದು ಹುಂಜ ಆದ ಕೂಡ್ಲೇ ದಿನ ನೋಡುದು. ಆದ್ರೆ ಈ ಕುಳ್ಳಿ ಕಾವಿಗೆ ಕೂರುದೇ ಇಲ್ಲ. ಇಲ್ಲಿ ಬೆಕ್ಕು, ಟೀವಿ, ಮಕ್ಕಳ ಗಲಾಟೆ. ಕೋಳಿಗೆ ನಾವು ಜಾಗ ತೋರಿಸ್ಲಿಕ್ಕೆ ಆಗುದಿಲ್ಲ ಐತಾಳ್ರೆ, ಅದೇ ಹುಡುಕ್ಬೇಕು. ಈಗ ಹುಡುಕಿದೆ.”

ಅಮ್ಮನ ಬೆನ್ನ ಹಿಂದೆ ನಿಂತ ಅಶ್ಮಿತಾ ತಲೆ ಅಡ್ಡಡ್ಡ ಆಡಿಸುತ್ತಿದ್ದಳು. ಇವರಿಂದ ಆಗದು, ಸೊಪ್ಪು ತಿನ್ನುವ ಪುಳಿಚಾರಿನವರು, ಕೇಳಬೇಡ ಎಂದು ಅವಳು ಅಮ್ಮನಿಗೆ ಹೇಳುತ್ತಿದ್ದಾಳೆಂದು ಪುಂಡರೀಕಾಕ್ಷನಿಗೆ ಅನ್ನಿಸಿತು. ಅವಳ ಕಣ್ಣಿನಲ್ಲಿ ಸಣ್ಣವನಾಗಲು ಅವನಿಗೆ ಮನಸ್ಸಾಗಲಿಲ್ಲ.

“ಅದಕ್ಕೇನು ಪುಷ್ಪಕ್ಕ, ಆಯ್ತು,” ಎಂದುಬಿಟ್ಟ.

ಅಶ್ಮಿತಾ ತಲೆಯಾಡಿಸುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಆ ನೋಟ ಯಾಕೆ ಅಷ್ಟು ಸಪ್ಪಗಿತ್ತು ಎಂದು ಅವನಿಗೆ ಅರ್ಥವಾಗಲು ತುಂಬ ಕಾಲ ಹಿಡಿಯಿತು.

ಮೊದಲ ಪಾಠ, ಮೊಟ್ಟೆಯನ್ನು ದಿನಾ ತೆಗೆಯಬಾರದು. ಗೂಡಿನಲ್ಲಿ ನಾಲ್ಕು ಮೊಟ್ಟೆ ಕಂಡರೆ ಹೇಂಟೆಗೆ ತಾಯಿಯಾಗುವ ಮನಸ್ಸು ಬರುತ್ತದೆ. ಆದರೆ ಸಾಂಬಾರ್ ಬೇಳೆಯ ಪಕ್ಕದಲ್ಲಿ ಮೊಟ್ಟೆ ಇಟ್ಟುಕೊಳ್ಳುವ ಧೈರ್ಯ ಪುಂಡರೀಕಾಕ್ಷನಿಗೆ ಇರಲಿಲ್ಲ. ಇಟ್ಟ ಮೊಟ್ಟೆಯನ್ನು ಅಶ್ಮಿತಾ ಒಯ್ದು ಮನೆಯಲ್ಲಿ ತಂಪಾದ ಕಡೆ ಕೂಡಿಡಲಿ, ಬದಲಿಗೆ ಮೊಟ್ಟೆಯಂಥದ್ದು ಏನಾದರೂ ಇಡೋಣ ಎಂದಾಯಿತು. ಅವನು ಉಲ್ಹಾಸನಗರಕ್ಕೆ ಹೋಗಿ ಪ್ಲಾಸ್ಟಿಕ್ ಮೊಟ್ಟೆ ತಂದ. ಕುಳ್ಳಿ ಅವನ್ನು ಕಾಲಿನಿಂದ ಒದ್ದು ಹೊರಗೆ ಹಾಕಿತು. ಕೊನೆಗೆ ಹೋಟೆಲಿನವನ ಬುದ್ಧಿ ಹೋಟೆಲಿಗೇ ಬಂತು. ಮಸಾಲೆದೋಸೆಯ ಪಲ್ಯಕ್ಕೆ ತಂದ ಆಲೂಗಡ್ಡೆಯಲ್ಲಿ ಸಣ್ಣ ಸಣ್ಣದನ್ನು ಆರಿಸಿ, ಪಾನ್ ಅಂಗಡಿಯ ಸುಣ್ಣ ಬಳಿದು ಒಣಗಿಸಿದ.

ತೋರಿಸಲು ತಂದಾಗ ಪುಷ್ಪಾವತಿ ನಕ್ಕರು. ಬಾಯಿಯ ಒಂದೇ ಬದಿಯಲ್ಲಿ ನಕ್ಕರೂ ಮಂಚ ಕಿರುಗುಟ್ಟುವಷ್ಟು ನಕ್ಕರು. ಅಮ್ಮ ಹಾಸಿಗೆ ಹಿಡಿದ ಮೇಲೆ ನಕ್ಕದ್ದು ಇದೇ ಮೊದಲು ಎಂದು ಅಶ್ಮಿತಾ ಆಮೇಲೆ ಗೋಡೆಯ ಬಳಿ ಹೇಳಿದಳು. ಹೇಳುವಾಗ ಅವಳ ಸ್ವರ ಒದ್ದೆಯಾಗಿತ್ತು.

ಹಾಗೆ ಬೆಳಿಗ್ಗೆಯ ಗೋಡೆ ಅವರದಾಯಿತು. ಠಾಣೆ ಪೇಟೆಯ ಆಫೀಸಿಗೆ ಸ್ಲೋ ಲೋಕಲ್ ರೈಲು ಹಿಡಿಯುವ ಮುಂಚೆ ಅವಳು ಆ ಕಡೆ ನಿಲ್ಲುತ್ತಿದ್ದಳು, ಇವನು ಈ ಕಡೆ. ಅವಳು ಒಂದು ಮುಷ್ಟಿ ನುಚ್ಚು ಕೊಡುತ್ತಿದ್ದಳು, ಅವನು ಒಂದು ಲೋಟ ಕಾಫಿ. ಅವಳ ಒದ್ದೆ ಜಡೆಯ ತುದಿಯಿಂದ ನೀರು ಗೋಡೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಹೋದ ಮೇಲೂ ಆ ಗುರುತು ಆರುವವರೆಗೆ ಅವನಿಗೆ ಅಲ್ಲಿ ಏನಾದರೊಂದು ಕೆಲಸ ಇರುತ್ತಿತ್ತು.

“ಕೋಳಿ ಮುಟ್ಟಿದ ಮೇಲೆ ಪುನಃ ಸ್ನಾನ ಮಾಡ್ತೀರಂತೆ?” ಎಂದಳು ಒಂದು ದಿನ.

“ಅಪ್ಪಯ್ಯ ಡೊಂಬಿವಲಿಯಿಂದ ಬಂದು ಪೂಜೆ ಮಾಡ್ತಾರೆ. ಅವರಿಗೆ ಹೂ ಎತ್ತಿ ಕೊಡುದು ನಾನು.”

“ಕೋಳಿ ಮುಟ್ಟಿದ್ರೆ ಒಂದು ಸ್ನಾನ.” ಅವಳು ಲೋಟ ವಾಪಸು ನೀಡಿದಳು. ಬೆರಳಿಗೆ ಬೆರಳು ತಾಗಿತು, ತಾಗಿದ್ದನ್ನು ಅವಳು ತಕ್ಷಣ ತೆಗೆಯಲಿಲ್ಲ. “ನನ್ನನ್ನು ಮುಟ್ಟಿದ್ರೆ?”

ತಮಾಷೆಯ ಮಾತೇ. ಆದರೆ ಕೇಳಿದ ಕಣ್ಣಿನಲ್ಲಿ ತಮಾಷೆ ಇರಲಿಲ್ಲ. ಆ ದಿನ ಅವನು ಎರಡನೆಯ ಸ್ನಾನ ಮಾಡದೆ ಹೂ ಎತ್ತಿಕೊಟ್ಟ, ಅಷ್ಟೇ.

ಕುಳ್ಳಿ ಆಲೂಗಡ್ಡೆಯನ್ನು ಒಪ್ಪಿಕೊಂಡಿತು. ಒಂದು ಬೆಳಿಗ್ಗೆ ಅದು ಬುಟ್ಟಿ ಬಿಟ್ಟು ಏಳಲೇ ಇಲ್ಲ. ಮೈ ಚಪ್ಪಟೆ ಮಾಡಿ, ಪುಕ್ಕ ಉಬ್ಬಿಸಿ, ಕೈ ಹತ್ತಿರ ತಂದರೆ ಗುರುಗುಟ್ಟಿ ಕುಕ್ಕಿತು. “ಕೂತಿತು,” ಎಂದರು ಪುಷ್ಪಾವತಿ ವಿಷಯ ಕೇಳಿ ಕಿಟಕಿಯಿಂದ. ಕೆಳಗಿನ ಆಲೂಗಡ್ಡೆ ತೆಗೆದು ನಿಜವಾದ ಮೊಟ್ಟೆ ಇಡಿ, ಗುಡುಗು ತಾಗದಂತೆ ಒಂದು ಇದ್ದಿಲು, ಒಂದು ಕಬ್ಬಿಣದ ಮೊಳೆ ಜೊತೆಗಿಡಿ ಎಂದರು. ತೆಗೆದ ಆಲೂಗಡ್ಡೆಯಲ್ಲಿ ಎರಡು ಮೊಳಕೆ ಬಂದಿದ್ದವು.

ಪುಂಡರೀಕಾಕ್ಷ ಎಲ್ಲವನ್ನೂ ಹೇಳಿದಂತೆಯೇ ಮಾಡಿದ. ಹೇಳದೆ ಮಾಡಿದ್ದು ಒಂದೇ ಕೆಲಸ. ಗೋಡೌನಿನ ಒಳಗೆ ಬರುವ ಬೇಳೆ, ಬೆಲ್ಲದ ಡಬ್ಬ, ತೆಂಗಿನಕಾಯಿ ಎಲ್ಲಕ್ಕೂ ಮಡಿಗೆಂದು ಎರಡು ಹನಿ ನೀರು ತಾಗಿಸುವುದು ಅವರ ಮನೆಯ ಕ್ರಮ. ಅಂಥಲ್ಲಿ ಕೋಳಿಮೊಟ್ಟೆಯನ್ನು ಹಾಗೇ ಇಡುವುದುಂಟೇ? ಒಂದೊಂದನ್ನೂ ತೆಂಗಿನ ನಾರಿನಿಂದ ತಿಕ್ಕಿ, ಬಿಸಿನೀರಿನಲ್ಲಿ ತೊಳೆದು, ಶುಭ್ರ ಬಟ್ಟೆಯಲ್ಲಿ ಒರೆಸಿ ಕುಳ್ಳಿಯ ಕೆಳಗಿಟ್ಟ.

ಕುಳ್ಳಿ ಮೂರು ವಾರ ಕೂತಿತು, ಇನ್ನೂ ಒಂದು ವಾರ ಕೂತಿತು. ಮರಿ ಬರಲಿಲ್ಲ. ಕೆಟ್ಟ ವಾಸನೆ ಬಂತು.

“ಮೊಟ್ಟೆ ತೊಳೆದ್ರಾ?” ಪುಷ್ಪಾವತಿ ಹಣೆಗೆ ಕೈ ಹಚ್ಚಿಕೊಂಡರು. “ಅಯ್ಯೋ ಮಾರಾಯ್ರೆ, ಅದರ ಮೈಮೇಲೆ ದೇವರು ಕೊಟ್ಟ ಪೊರೆ ಉಂಟು. ಅದನ್ನೇ ತಿಕ್ಕಿ ತೆಗೆದ್ರಲ್ಲ.”

ಅಶ್ಮಿತಾ ಅಂದು ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಇಷ್ಟು ಸಂತೋಷ ಯಾಕೆಂದು ಅವನು ಕೇಳಲಿಲ್ಲ. ತನಗೂ ಒಳಗೊಳಗೆ ಹಗುರವಾಗಿದ್ದದ್ದು ನೆನೆದು ನಾಚಿಕೆಯಾಯಿತು. ಹುಂಜವಾದರೆ ಅವಳ ಮದುವೆ. ಅದನ್ನು ತನ್ನ ಕೈಯಾರೆ ಮಾಡಿಸಲು ಹೊರಟವನು ತಾನು. ಅವಳು ಬೇಕು ಎಂದು ಅವನ ಮೈಯ ಕಣಕಣವೂ ಹೇಳುತ್ತಿತ್ತು, ಬಾಯಿ ಮಾತ್ರ ಹೇಳುತ್ತಿರಲಿಲ್ಲ.

ಒಂದೂವರೆ ತಿಂಗಳಲ್ಲಿ ಕುಳ್ಳಿಗೆ ಪುನಃ ಕಾವು ಬಂತು. ಈ ಸಲ ಮಾತ್ರ ವಿಚಿತ್ರವಾಯಿತು. ಬೆಳಿಗ್ಗೆ ಗುರುಗುಟ್ಟುತ್ತ ಕೂತ ಕೋಳಿ ಮರುದಿನ ಏನೂ ಆಗದ ಹಾಗೆ ಹಿತ್ತಿಲಿನಲ್ಲಿ ಹುಳ ಕೆದಕುತ್ತಿತ್ತು. ಮೂರು ದಿನದಲ್ಲಿ ಮತ್ತೆ ಕೂರುತ್ತಿತ್ತು, ಮತ್ತೆ ಏಳುತ್ತಿತ್ತು. ಅದರ ಕೆಳಗೆ ಮೊಟ್ಟೆ ಇಡುವುದಕ್ಕೇ ಆಸ್ಪದವಿಲ್ಲ. ಇಲಿ ಇರಬಹುದೆಂದು ಅವನು ಬೋನು ಇಟ್ಟ, ಹೇನಿರಬಹುದೆಂದು ಬೇವಿನೆಲೆ ಹಾಸಿದ.

ಒಂದು ಭಾನುವಾರ ಮಧ್ಯಾಹ್ನ, ಊಟದ ಗಿರಾಕಿಗಳು ಕಡಿಮೆಯಾದ ಹೊತ್ತಿನಲ್ಲಿ, ಬೆಲ್ಲ ತೆಗೆಯಲು ಗೋಡೌನಿಗೆ ಬಂದವನಿಗೆ ಬುಟ್ಟಿ ಬರಿದಾಗಿ ಕಂಡಿತು. ಗೋಡೆಯ ಆಚೆ ನೀರು ಚಿಮ್ಮಿದ ಸದ್ದಾಯಿತು. ಇಣುಕಿ ನೋಡಿದ. ಕರಿಬೇವಿನ ಗಿಡದ ಕೆಳಗೆ ಅಶ್ಮಿತಾ ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈಯಲ್ಲಿ ಕುಳ್ಳಿಯನ್ನು ಹಿಡಿದು, ಅದರ ಹೊಟ್ಟೆಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಅದ್ದುತ್ತಿದ್ದಳು. ಕಾವು ಬಿಡಿಸಲು ಹಾಗೆ ಮಾಡುತ್ತಾರೆಂದು ಪುಷ್ಪಾವತಿ ಹಿಂದೊಮ್ಮೆ ಹೇಳಿದ್ದರು.

ಅವಳು ತಲೆಯೆತ್ತಿದಳು. ಕೈ ಹಾಗೆಯೇ ನೀರಿನಲ್ಲಿತ್ತು.

“ನೀವು ಮೊಟ್ಟೆ ತೊಳೆದ್ರಿ,” ಎಂದಳು ಮೆಲ್ಲಗೆ. “ನಾನು ಕೋಳಿ ತೊಳಿತೇನೆ.”

“ಯಾಕೆ ಅಶ್ಮಿತಾ?”

“ಯಾಕೆ ಅಂತ ನಿಮಗೆ ಗೊತ್ತಿಲ್ವಾ? ಲತೀಶ ಒಳ್ಳೆಯವ. ಅಪ್ಪ ಸತ್ತ ಮೇಲೆ ಮಾವ ನಮ್ಮನ್ನು ನೋಡಿಕೊಂಡವರು. ಇಲ್ಲ ಅನ್ಲಿಕ್ಕೆ ನನ್ನ ಹತ್ತಿರ ಒಂದು ಕಾರಣವೂ ಇಲ್ಲ.” ಅವಳು ಕುಳ್ಳಿಯನ್ನು ನೀರಿನಿಂದ ಮೇಲೆತ್ತಿದಳು. “ಒಂದು ಕಾರಣ ಉಂಟು. ಅದು ದಿನಾ ಬೆಳಿಗ್ಗೆ ಗೋಡೆಯ ಆ ಬದಿಯಲ್ಲಿ ಕಾಫಿ ಹಿಡ್ಕೊಂಡು ನಿಲ್ತದೆ. ಏನೂ ಹೇಳುದಿಲ್ಲ.”

ಪುಂಡರೀಕಾಕ್ಷ ಗೋಡೆ ಹತ್ತಿ ಇಳಿದ. ಪಂಚೆಯ ಅಂಚು ಮೊಳೆಗೆ ಸಿಕ್ಕಿ ಹರಿಯಿತು, ಅವನಿಗೆ ಗೊತ್ತಾಗಲಿಲ್ಲ. ಅವಳ ಎದುರು ಕೂತು ಕುಳ್ಳಿಯನ್ನು ತನ್ನ ಕೈಗೆ ತೆಗೆದುಕೊಂಡು, ಹೆಗಲ ಬೈರಾಸಿನಿಂದ ಅದರ ಹೊಟ್ಟೆ ಒರೆಸಿದ. ಕೋಳಿಯ ಎದೆಯಲ್ಲಿ ಪುಕ್ಕವಿರಲಿಲ್ಲ. ಮರಿಗೆ ಬಿಸಿ ತಾಗಲೆಂದು ತಾನೇ ಕಿತ್ತುಕೊಂಡಿತ್ತು. ಬರಿಯ ಚರ್ಮ ಚಳಿಗೆ ನಡುಗುತ್ತಿತ್ತು.

“ನನಗೂ ನೀವು ಬೇಕು,” ಎಂದ. ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಮಾತು ಅಷ್ಟು ಸಣ್ಣದಾಗಿ ಹೊರಬಂದದ್ದು ಅವನಿಗೇ ಆಶ್ಚರ್ಯವಾಯಿತು. “ಆದ್ರೆ ಇದನ್ನು ಹೀಗೆ ಮಾಡುದು ಬೇಡ. ಪುಷ್ಪಕ್ಕ ದಿನಾ ಕಿಟಕಿಯಲ್ಲಿ ಕಾಯ್ತಾರೆ. ಈ ಕುಳ್ಳಿಯೂ ಕಾಯ್ತದೆ. ಇವರಿಬ್ಬರನ್ನೂ ಮೋಸ ಮಾಡಿ ನಾವು ಎಂತ ಕಟ್ಟುದು? ಕೂರ್ಲಿ ಇದು. ಮರಿ ಮಾಡ್ಲಿ.”

“ನನ್ನ ಮದುವೆಗೆ ನೀವೇ ಮರಿ ಮಾಡಿಸ್ತೀರಾ?”

“ಹೇಳುವಾ. ನೀವು ಅಮ್ಮನಿಗೆ, ನಾನು ಅಪ್ಪಯ್ಯನಿಗೆ.”

“ಮರಿ ಬಂದ ದಿನ ನಾನು ಹೇಳ್ತೇನೆ,” ಎಂದಳು. “ನೀವು ಹೇಳುದನ್ನು ನೋಡುವಾ.”

ಈ ಸಲ ಮೊಟ್ಟೆಗೆ ನೀರು ತಾಗಲಿಲ್ಲ. ಇದ್ದಿಲನ್ನು ಅವನು ಇಟ್ಟ, ಮೊಳೆಯನ್ನು ಅವಳು ಇಟ್ಟಳು. ಆ ಮೂರು ವಾರ ಅವರಿಬ್ಬರ ಬಾಳಿನ ಒಳ್ಳೆಯ ದಿನಗಳು. ಗೋಡೌನಿನ ಮಬ್ಬಿನಲ್ಲಿ, ಅಕ್ಕಿಮೂಟೆಗಳ ನಡುವೆ, ಕುಳ್ಳಿಗೆ ತೊಂದರೆಯಾಗದಂತೆ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಕೋಳಿ ದಿನಕ್ಕೊಮ್ಮೆ ಇಳಿದು ನೀರು ಕುಡಿಯುವಾಗ ಅವಳು ಅವನ ಕೈಹಿಡಿದು ಮೊಟ್ಟೆಯ ಮೇಲಿಡುತ್ತಿದ್ದಳು. ಬೆಚ್ಚಗಿರುತ್ತಿತ್ತು.

ನಾಲ್ಕು ಮರಿ ಬಂದವು. ಅಶ್ಮಿತಾ ಒಂದನ್ನು ಅಮ್ಮನ ಬಲ ಅಂಗೈಯಲ್ಲಿಟ್ಟು ಎಲ್ಲವನ್ನೂ ಹೇಳಿದಳು, ಬಕೆಟ್ಟಿನ ನೀರಿನ ಸಮೇತ. ಪುಷ್ಪಾವತಿ ಮರಿಯನ್ನು ಕೆಳಗಿಡದೆ ಕೇಳಿಸಿಕೊಂಡರು. ಸಂಜೆಗೆ ಪುಂಡರೀಕಾಕ್ಷನನ್ನು ಕರೆಸಿದರು.

“ಕೋಳಿ ಒದ್ದೆಯಾದದ್ದು ನನಗೆ ಈ ಕಿಟಕಿಯಿಂದ ಕಾಣ್ಲಿಲ್ಲ ಅಂತ ಮಾಡಿದ್ರಾ? ನನ್ನ ಕೈ ಬಿದ್ದದ್ದು, ಕಣ್ಣಲ್ಲ. ಯಾವಾಗ ಬಾಯಿಬಿಡ್ತೀರಿ ಅಂತ ಕಾದು ಕೂತಿದ್ದೆ.” ಅವರ ಸ್ವರ ಗಡುಸಾಗಿತ್ತು, ಮರಿಯನ್ನು ಸವರುತ್ತಿದ್ದ ಬೆರಳು ಹಾಗಿರಲಿಲ್ಲ. “ದೈವಕ್ಕೆ ನಾನು ಹುಂಜ ಹೇಳಿದ್ದು. ಅಳಿಯನ ಹೆಸರು ಹೇಳಿರ್ಲಿಲ್ಲ. ಅಣ್ಣನಿಗೆ ಹೇಳಿದ್ದು ಬೇರೆ ಮಾತು. ಬೈತಾನೆ, ಮಾತು ಬಿಡ್ತಾನೆ. ಮಗಳಿಗೋಸ್ಕರ ನಾನು ಕೇಳಿಸ್ಕೊಳ್ತೇನೆ. ಆದ್ರೆ ಐತಾಳ್ರೆ, ಹುಂಜವನ್ನು ಊರಿಗೆ ನೀವೇ ಹಿಡ್ಕೊಂಡು ಬರ್ಬೇಕು. ಕಡಿಯುವಾಗ ಬೇಕಾದ್ರೆ ಆಚೆ ಮುಖ ತಿರುಗಿಸಿ.”

“ತಿರುಗಿಸುದಿಲ್ಲ,” ಎಂದ ಅವನು.

“ಅಪ್ಪಯ್ಯನಿಗೆ ಹೇಳಿ ಆಯ್ತಾ?”

ಅವನು ನೆಲ ನೋಡಿದ.

ಅಲ್ಲಿಂದ ಮುಂದಿನದು ಅವನಿಗೆ ಹೆಮ್ಮೆಯ ಕಾಲವಲ್ಲ. ಮರಿಗಳು ಬೆಳೆದವು. ಒಂದಕ್ಕೆ ಕೆಂಪು ಜುಟ್ಟು ಮೂಡಿ ಹುಂಜವೆಂದು ಗೊತ್ತಾಯಿತು. ಧರ್ಮಪಾಲ ವಾಶಿಯಿಂದ ಬಂದು ತಂಗಿಯ ಮಂಚದ ಬಳಿ ಕೂಗಾಡಿ ಹೋದರು. ಅಶ್ಮಿತಾ ತಲೆತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಪುಂಡರೀಕಾಕ್ಷ ಮಾತ್ರ ದಿನಾ ಅಪ್ಪಯ್ಯನ ಎದುರು ಹೂಬುಟ್ಟಿ ಹಿಡಿದು ನಿಂತು, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ಅಪ್ಪಯ್ಯ ಬೈಯುವವರಲ್ಲ. ಮೌನವಾಗುವವರು. ತಾಯಿಯಿಲ್ಲದ ಮಗನನ್ನು ಬೆಳೆಸಿದ ಆ ಮುಖ ಮೌನವಾಗುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ.

ಮೊದಲು ಅಶ್ಮಿತಾಳ ತಮಾಷೆ ನಿಂತಿತು. ಆಮೇಲೆ ಕಾಫಿ ಬೇಡವಾಯಿತು. ಕೊನೆಗೆ ಗೋಡೆಯ ಮೇಲೆ ಜಡೆಯ ನೀರು ಬೀಳುವುದೂ ನಿಂತಿತು.

“ನಾನು ತಣ್ಣೀರು ಹಾಕಿದ್ದು ಕೋಳಿಗೆ,” ಎಂದು ಒಂದು ದಿನ ಸ್ಟೇಷನ್ನಿನ ಮೆಟ್ಟಿಲಲ್ಲಿ ಎದುರಾದಾಗ ಹೇಳಿದಳು. “ನೀವು ನನಗೇ ಹಾಕ್ತಾ ಇದ್ದೀರಿ.”

ಅದರ ಮರು ಬೆಳಿಗ್ಗೆ. ಹೋಟೆಲಿನ ಗಲ್ಲಾದ ಮೇಲಿನ ದೇವರಿಗೆ ಅಪ್ಪಯ್ಯ ಮಂಗಳಾರತಿ ಎತ್ತಿದ್ದರು. ಅಡುಗೆಯವರು, ಸಪ್ಲೈಯರುಗಳು ಕೈಮುಗಿದು ನಿಂತಿದ್ದರು. ಗಂಟೆ ನಿಂತ ಆ ಒಂದು ಕ್ಷಣದ ನಿಶ್ಶಬ್ದದಲ್ಲಿ ಗೋಡೌನಿನಿಂದ ಕೂಗು ಬಂತು. ಎಳೆಯ ಹುಂಜದ ಮೊದಲ ಕೂಗು. ಸ್ವರ ಒಡೆದು ಅರ್ಧಕ್ಕೇ ನಿಂತಿತು. ಆಮೇಲೆ ಮತ್ತೆ, ಈ ಸಲ ಪೂರ್ತಿಯಾಗಿ, ಇಡೀ ಹೋಟೆಲಿಗೆ ಕೇಳುವಂತೆ.

ಎಲ್ಲರೂ ನೆಲ ನೋಡಿದರು. ಎಲ್ಲರಿಗೂ ಗೊತ್ತಿತ್ತು, ಒಬ್ಬರನ್ನು ಬಿಟ್ಟು.

“ಎಂತ ಅದು?” ಎಂದರು ಅಪ್ಪಯ್ಯ, ಆರತಿ ಕೈಯಲ್ಲೇ ಇತ್ತು.

ಪಕ್ಕದ ಚಾಳಿನದು ಎಂದುಬಿಡಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಪುಂಡರೀಕಾಕ್ಷ ಹೂಬುಟ್ಟಿಯನ್ನು ಕೆಳಗಿಟ್ಟ.

“ಹುಂಜ ಅಪ್ಪಯ್ಯ. ನಮ್ಮ ಗೋಡೌನಿನಲ್ಲಿ ಹುಟ್ಟಿದ್ದು. ನಾನೇ ಕಾವಿಗೆ ಕೂರಿಸಿದ್ದು. ಹಿಂದಿನ ಮನೆಯ ಪುಷ್ಪಕ್ಕನ ಮಗಳು ಅಶ್ಮಿತಾ. ಅವಳ ಮದುವೆಗೆ ಮುಂಚೆ ದೈವಕ್ಕೆ ಕೊಡ್ಲಿಕ್ಕೆ.”

“ಅವಳ ಮದುವೆ ಯಾರ ಜೊತೆ?”

“ನನ್ನ ಜೊತೆ.”

ಕರ್ಪೂರ ಉರಿದು ಆರುವವರೆಗೆ ಅಪ್ಪಯ್ಯ ಅಲುಗಲಿಲ್ಲ. ಆಮೇಲೆ ಆರತಿ ಕೆಳಗಿಟ್ಟು, ತೀರ್ಥದ ತಂಬಿಗೆ ಎತ್ತಿಕೊಂಡು ದಿನದಂತೆ ಎಲ್ಲರಿಗೂ ತೀರ್ಥ ಕೊಡುತ್ತ ಬಂದರು. ಅಡುಗೆಯವನಿಗೆ ಕೊಟ್ಟರು, ದೋಸೆಯವನಿಗೆ ಕೊಟ್ಟರು. ಮಗನ ಎದುರು ಬಂದಾಗ ಉದ್ಧರಣೆ ಹಿಡಿದ ಕೈ ನಿಂತಿತು. ಪುಂಡರೀಕಾಕ್ಷ ಅಂಗೈ ಒಡ್ಡಿದ. ಹಿಂತೆಗೆಯಲಿಲ್ಲ. ಎಷ್ಟು ಹೊತ್ತಾದರೂ ಹಾಗೇ ಹಿಡಿದಿರುತ್ತೇನೆ ಎಂದುಕೊಂಡ.

ಉದ್ಧರಣೆ ವಾಲಿತು. ಅರ್ಧ ನೀರು ನೆಲಕ್ಕೆ ಬಿತ್ತು, ಅರ್ಧ ಅವನ ಅಂಗೈಗೆ. ಅಪ್ಪಯ್ಯ ಅವನ ಮುಖ ನೋಡದೆ ಮುಂದೆ ಹೋದರು. ಅವನು ಬಂದಷ್ಟನ್ನು ಕುಡಿದ.

ಹಿತ್ತಿಲಿಗೆ ಬಂದಾಗ ಅಶ್ಮಿತಾ ಗೋಡೆಯ ಬಳಿ ನಿಂತಿದ್ದಳು. ಅವಳಿಗೂ ಕೂಗು ಕೇಳಿಸಿತ್ತು. ಆಫೀಸಿನ ಚೀಲ ಹೆಗಲಲ್ಲೇ ಇತ್ತು.

“ಹೇಳಿದೆ,” ಎಂದ ಅವನು.

“ಅವರು ಎಂತ ಹೇಳಿದ್ರು?”

“ಏನೂ ಹೇಳ್ಲಿಲ್ಲ. ತೀರ್ಥ ಕೊಟ್ರು. ಅರ್ಧ ಚೆಲ್ಲಿಹೋಯಿತು.”

ಅವಳು ಅವನ ಅಂಗೈಯನ್ನು ಗೋಡೆಯ ಮೇಲೆಯೇ ತೆರೆದು ನೋಡಿದಳು. ತುಳಸಿಯ ಒಂದು ಎಲೆ ಅಂಟಿಕೊಂಡಿತ್ತು. ಅದನ್ನು ತೆಗೆದು ಕಣ್ಣಿಗೊತ್ತಿ ತನ್ನ ಬಾಯಿಗೆ ಹಾಕಿಕೊಂಡಳು. ಎಷ್ಟೋ ದಿನದ ಮೇಲೆ ಎಡಗೆನ್ನೆಯ ಗುಳಿ ಕಾಣಿಸಿತು, ಕಣ್ಣು ಮಾತ್ರ ತುಂಬಿತ್ತು.

“ಉಳಿದ ಅರ್ಧಕ್ಕೆ ಕಾಯುವಾ,” ಎಂದಳು. “ನಿಮ್ಮ ಆಲೂಗಡ್ಡೆಯ ಮೇಲೂ ಕೂತು ಕಾಯ್ಲಿಲ್ವಾ ಕುಳ್ಳಿ?”

ಸ್ಲೋ ಲೋಕಲ್ ಬಂದು ಹೋಯಿತು. ಅವಳು ಕೈ ಬಿಡಲಿಲ್ಲ.